ಖಾಲಿ ಗೋದಲಿ

(ಹೋದ ಡಿಸೆಂಬರ್‌ನಲ್ಲಿ ಬಳ್ಳಾರಿಯ ಕೌಲ್‌ಬಜಾರಿನಲ್ಲಿ ನಮ್ಮ ಓಣಿಯವರೇ ಸೇರಿ ನಡೆಸಿದ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ಮೈಕು ಎರಡು ಸಲ ಕೈಕೊಟ್ಟಾಗ ಹೇಳಿದ್ದನ್ನೇ ಮತ್ತೆ ಹೇಳಿದ್ದೆ, ಅದನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಇವತ್ತು ಇಲ್ಲಿ ತಂದು ನಿಲ್ಲಿಸಿದ್ದು ಒಂದು ಪ್ರಶ್ನೆ. ಹದಿನೈದು ದಿನದ ಹಿಂದೆ ಮನೆ ಎದುರಿನ ಕಿರಾಣಿ ಅಂಗಡಿಗೆ ಹೋಗಿದ್ದೆ. ಅಂಗಡಿಯ ಯಜಮಾನರು ಬೆಲ್ಲ ತೂಗುತ್ತಾ ಕೇಳಿದರು: "ಮಾಸ್ತರ್ರೆ, ನಿಮ್ಮ ಹಬ್ಬ ಅಂದ್ರೆ ಕೇಕು, ಸ್ಟಾರು, ಸಾಂತಾ ತಾತ. ಅಷ್ಟೇ ಏನ್ರಿ? ಒಳಗ ಏನೈತಿ?"

ಮೊದಲು ಸ್ವಲ್ಪ ಬೇಜಾರಾಯಿತು. ಆಮೇಲೆ ಅನ್ನಿಸಿತು, ಅವರದೇನು ತಪ್ಪು? ನಾವು ಹೊರಗೆ ನೇತುಹಾಕಿದ್ದೇ ಸ್ಟಾರು. ಪಕ್ಕದ ಮನೆಗೆ ಕಳಿಸಿದ್ದೇ ಕೇಕು ಮತ್ತೆ ಕರ್ಜಿಕಾಯಿ. ಒಳಗೆ ಇರುವುದನ್ನು ಹೇಳಿದ್ದೇ ಇಲ್ಲ. ನಮಗೇ ಎಷ್ಟು ಗೊತ್ತಿತ್ತು ಅಂತ ಕೇಳಿದರೆ ಅದಕ್ಕೂ ತಲೆ ತಗ್ಗಿಸಬೇಕು.

ನಾನು ಫಾದರ್ ಅಲ್ಲ, ಪಾಸ್ಟರ್ ಅಲ್ಲ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವನು. ಹಾಗಾಗಿ ಪದಗಳಿಂದ, ಮನೆಯಲ್ಲಿ ಕಂಡದ್ದರಿಂದ ಶುರು ಮಾಡ್ತೀನಿ.

ನಮ್ಮ ಮನೆಯಲ್ಲಿ ಡಿಸೆಂಬರ್ 15ರ ಹೊತ್ತಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆ ಇಟ್ಟು ಕಟ್ಟುವ ಕೆಲಸ ಶುರು. ಸಿರುಗುಪ್ಪ ಕಡೆಯಿಂದ ಬರುವ ಭತ್ತದ ಹುಲ್ಲು ಒಂದು ಹೊರೆ. ಜೋಳದ ದಂಟಿನ ಗೋಡೆ. ಸಿಮೆಂಟ್ ಚೀಲದ ಕಾಗದಕ್ಕೆ ಕೆಮ್ಮಣ್ಣು ಬಳಿದು ಒಂದು ಗುಡ್ಡ. ಬೆತ್ಲೆಹೇಮಿನ ಗುಡ್ಡ ನಾವ್ಯಾರು ಕಂಡಿದ್ದೆವು? ನಮಗೆ ಗುಡ್ಡ ಅಂದರೆ ಬಳ್ಳಾರಿ ಗುಡ್ಡವೇ. ಅದಕ್ಕೇ ನಮ್ಮ ಗುಡ್ಡದ ತುಂಬ ದುಂಡು ಬಂಡೆಗಳು, ನೆತ್ತಿಯಲ್ಲಿ ಒಂದು ಕೋಟೆ ಗೋಡೆ ಬೇರೆ. ಮುಂದೆ ಹಸಿರು ಕಾಣಲಿ ಅಂತ ತಟ್ಟೆಯಲ್ಲಿ ಮಣ್ಣು ಹಾಕಿ ಗೋಧಿ ಬಿತ್ತುತ್ತಿದ್ದೆವು. ಪಕ್ಕದ ಮನೆ ಅಕ್ಕ ನೋಡಿ, "ದಸರಾಕ್ಕ ನಾವು ಘಟ್ಟಕ್ಕ ಹಾಕ್ತೀವಲ್ಲ, ಹಂಗಾ ಐತಿ ಬಿಡು" ಅಂದಿದ್ದಳು. ಎತ್ತಿನ ಗೊಂಬೆ ಒಡೆದುಹೋದ ವರ್ಷ ಅಪ್ಪ ಕಿನ್ನಾಳದ ಬಣ್ಣದ ಎತ್ತು ತಂದರು. ಅದು ಯೇಸುವಿನ ಸಾಕುತಂದೆ ಯೋಸೇಫನ ಗೊಂಬೆಗಿಂತ ದೊಡ್ಡದಿತ್ತು. ಏನೂ ಮಾಡೋಕಾಗಲಿಲ್ಲ, ಹಾಗೇ ಇಟ್ಟೆವು.

ನನಗೆ ಏಳೋ ಎಂಟೋ ವರ್ಷ ಇರಬೇಕು. ಎಲ್ಲ ಗೊಂಬೆ ಜೋಡಿಸಿ ಆಯಿತು. ನಡುವೆ ಹುಲ್ಲು ಹಾಸಿದ ಪುಟ್ಟ ತೊಟ್ಟಿ ಖಾಲಿ. ಬೇಬಿ ಜೀಸಸ್ ಎಲ್ಲಿ ಅಂತ ಹುಡುಕಿದೆ. ಅಜ್ಜಿಯ ಟ್ರಂಕಿನಲ್ಲಿ ಬಿಸ್ಕಿತ್ ಡಬ್ಬಿ, ಡಬ್ಬಿಯಲ್ಲಿ ಹತ್ತಿ, ಹತ್ತಿಯ ನಡುವೆ ಕೂಸು. ತಂದು ಮಲಗಿಸಿದೆ. ಅಜ್ಜಿ ಅಡುಗೆಮನೆಯಿಂದ ಬಂದವಳೇ ನೋಡಿ ಕೂಗಿದಳು: "ಏ ಹುಚ್ಚಪ್ಪ, ಕೂಸು ಇನ್ನ ಹುಟ್ಟಿಲ್ಲಲೇ! ಹುಟ್ಟೋಕಿಂತ ಮೊದ್ಲ ಯಾರನ್ನ ತೊಟ್ಲಾಗ ಹಾಕ್ತಾರೇನು?"

ಕೂಸು ವಾಪಸ್ ಡಬ್ಬಿಗೆ ಹೋಯಿತು. 24ರ ಮಧ್ಯರಾತ್ರಿ ಪೂಜೆ ಮುಗಿಸಿ ಬಂದ ಮೇಲೆ, ಚಪ್ಪಲಿ ಬಿಟ್ಟವಳೇ ಅಜ್ಜಿ ತಾನೇ ತಂದು ಮಲಗಿಸಿದಳು. ಅಲ್ಲಿವರೆಗೆ ಹತ್ತು ದಿನ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ: "ಕೂಸೆಲ್ಲಿ?"

ಈ ಖಾಲಿ ಜಾಗ ನನಗೆ ಬಹಳ ವರ್ಷ ಸುಮ್ನೆ ಅಜ್ಜಿಯ ಹಟ ಅನ್ನಿಸಿತ್ತು. ಈಗ ಅನ್ನಿಸುವುದೇ ಬೇರೆ. ನಮ್ಮ ಹಬ್ಬಗಳ ಒಳಗೆ ಏನಿದೆ ಅಂತ ಯಜಮಾನರು ಕೇಳಿದರಲ್ಲ, ಒಳಗಿರುವುದು ಇದೇ. ಒಂದು ಖಾಲಿ ಜಾಗ. ಕ್ರಿಸ್‌ಮಸ್‌ನಿಂದ ಈಸ್ಟರ್‌ವರೆಗೆ (ಯೇಸು ಸತ್ತು ಮತ್ತೆ ಎದ್ದುಬಂದ ಹಬ್ಬ ಅದು) ಯಾವ ಆಚರಣೆ ಬೇಕಾದರೂ ತೊಗೊಳ್ಳಿ, ಎಲ್ಲೋ ಒಂದು ಕಡೆ ಏನನ್ನೋ ತೆಗೆದು ಜಾಗ ಬಿಟ್ಟಿರುತ್ತಾರೆ.

ಗೋದಲಿ ಅನ್ನುವ ಪದವನ್ನೇ ನೋಡಿ. ನಮ್ಮ ಚರ್ಚಿನ ಹುಡುಗರಿಗೆ ಅದು ಕ್ರಿಸ್‌ಮಸ್ ಪದ. ಆದರೆ ಈ ಸಭೆಯಲ್ಲಿ ಹೊಲಮನೆ ಇರುವವರು ಹೇಳಿ, ಗ್ವಾದಲಿ ಅಂದರೆ ಏನು? ದನಕ್ಕೆ ಮೇವು ಹಾಕುವ ಜಾಗ. ಅಷ್ಟೇ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಬಳ್ಳಾರಿಗೆ ಬಂದು, ಇಲ್ಲೇ ಕನ್ನಡ ಕಲಿತು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂತು. ಆಮೇಲೆ ಬೇರೆ ಬೇರೆ ಅನುವಾದಗಳು ಬಂದವು. ಇವತ್ತು ಲೂಕನ ಸುವಾರ್ತೆ ತೆಗೆದರೆ ಮರಿಯಳು ಕೂಸನ್ನು ಬಟ್ಟೆಯಲ್ಲಿ ಸುತ್ತಿ "ಗೋದಲಿಯಲ್ಲಿ" ಮಲಗಿಸಿದಳು ಅಂತಲೇ ಇದೆ. ದೇವರ ಮಗ ಹುಟ್ಟಿದ ಕಥೆಗೆ ದನದ ಕೊಟ್ಟಿಗೆಯ ಮಾತನ್ನು ಹಾಗೇ ಇಟ್ಟದ್ದು ನನಗೆ ಬಹಳ ಇಷ್ಟ. ಕನ್ನಡ ಮೇಷ್ಟ್ರಾಗಿ ಹೇಳ್ತಿದ್ದೀನಿ, ಅದರ ಬದಲು ಒಂದು ದೊಡ್ಡ ಸಂಸ್ಕೃತ ಪದ ಹಾಕಿದ್ದರೆ ಕಥೆಯೇ ಕೆಟ್ಟುಹೋಗುತ್ತಿತ್ತು.

ಊರಿನ ಹೆಸರು ಬೆತ್ಲೆಹೇಮ್. ಹೀಬ್ರೂ ಭಾಷೆಯಲ್ಲಿ ಅದಕ್ಕೆ ರೊಟ್ಟಿಯ ಮನೆ ಅಂತ ಅರ್ಥ. ನಮ್ಮ ಕಡೆಯ ಖಾನಾವಳಿಗೆ ಇಡಬಹುದಾದ ಹೆಸರು! ರೊಟ್ಟಿಮನೆ ಅನ್ನುವ ಊರು, ಮೇವು ಹಾಕುವ ತೊಟ್ಟಿ, ಅದರಲ್ಲಿ ಮಲಗಿದ ಕೂಸು. ಆ ಕೂಸು ದೊಡ್ಡವನಾಗಿ ಕೊನೆಯ ರಾತ್ರಿ ರೊಟ್ಟಿ ಮುರಿದು "ಇದು ನನ್ನ ದೇಹ, ತಿನ್ನಿರಿ" ಅನ್ನುತ್ತಾನೆ. ನಾವು ಪ್ರತಿ ಭಾನುವಾರ ಚರ್ಚಿನಲ್ಲಿ ಕೈಚಾಚಿ ಅದನ್ನೇ ತೊಗೊಳ್ಳುವುದು. ಹಸಿದವರ ಮುಂದೆ ಇಡುವ ಜಾಗದಲ್ಲಿ ಅವನನ್ನು ಮಲಗಿಸಿದ್ದಕ್ಕೆ ಹಳೆಯ ಗುರುಗಳು ಹೇಳುತ್ತಿದ್ದ ಅರ್ಥ ಇದು.

ಇನ್ನು ಕಿನ್ನಾಳದ ಎತ್ತಿನ ವಿಷಯ. ಎತ್ತು, ಕತ್ತೆ ಇಲ್ಲದ ಗೋದಲಿ ಎಲ್ಲಾದರೂ ನೋಡಿದ್ದೀರಾ? ಆದರೆ ಲೂಕನ ಕಥೆಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. ಅವು ಬಂದದ್ದು ಯೇಸುವಿಗಿಂತ ನೂರಾರು ವರ್ಷ ಹಿಂದಿನ ಯೆಶಾಯ ಪ್ರವಾದಿಯ ಪುಸ್ತಕದಿಂದ. ಅವನು ತನ್ನ ಜನರನ್ನು ಬೈಯುತ್ತಾನೆ: ಎತ್ತಿಗೆ ತನ್ನ ಒಡೆಯ ಯಾರು ಅಂತ ಗೊತ್ತು, ಕತ್ತೆಗೆ ತನ್ನ ಗೋದಲಿ ಎಲ್ಲಿ ಅಂತ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ. ಅಂದರೆ ಆ ಎರಡು ಗೊಂಬೆಗಳು ಅಲಂಕಾರಕ್ಕೆ ನಿಂತಿಲ್ಲ. ನಮ್ಮನ್ನು ನೋಡಿ ನಗುತ್ತಾ ನಿಂತಿವೆ. ಸಂಜೆ ದನ ಬಿಟ್ಟಾಗ ನೋಡಿ, ಓಣಿಯಲ್ಲಿ ನೂರು ಮನೆ ಇದ್ದರೂ ಎಮ್ಮೆ ಸೀದಾ ತನ್ನ ಮನೆಗೇ ತಿರುಗುತ್ತದೆ, ಅಲ್ವಾ?

ಗೋದಲಿ ಕಟ್ಟುವ ಪದ್ಧತಿ ಜನರಲ್ಲಿ ಹರಡಿದ್ದು ಇಟಲಿಯ ಸಂತ, ಅಸಿಸಿಯ ಫ್ರಾನ್ಸಿಸ್‌ನಿಂದ. 1223ರ ಕ್ರಿಸ್‌ಮಸ್ ರಾತ್ರಿ, ಇಟಲಿಯ ಗ್ರೆಚ್ಚೊ ಅನ್ನುವ ಹಳ್ಳಿ. ಫ್ರಾನ್ಸಿಸ್ ಪರಿಚಯದ ಒಬ್ಬ ಜಮೀನುದಾರನಿಗೆ ಹೇಳಿ ಒಂದು ಗೋದಲಿ, ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ ತರಿಸಿದ. ಜನ ದೀವಟಿಗೆ ಹಿಡಿದು ಬಂದರು. ಆ ಗೋದಲಿಯ ಮೇಲೇ ಪೂಜೆ ನಡೆಯಿತು. ಅವನ ಕಾಲದಲ್ಲೇ ಇದ್ದ ಚೆಲಾನೊದ ತೋಮಾಸ್ ಇದನ್ನು ಬರೆದಿಟ್ಟಿದ್ದಾನೆ. ಓದಿದರೆ ಒಂದು ಮಾತು ಕಣ್ಣಿಗೆ ಬೀಳುತ್ತದೆ. ಮರಿಯಳ ಗೊಂಬೆ ಇಲ್ಲ, ಯೋಸೇಫನ ಗೊಂಬೆ ಇಲ್ಲ, ಕೂಸಿನ ಗೊಂಬೆಯೂ ಇಲ್ಲ. ಗೋದಲಿಯಲ್ಲಿ ಬರೀ ಹುಲ್ಲು. ನೆರೆದವರಲ್ಲಿ ಒಬ್ಬನಿಗೆ ಮಾತ್ರ ಅಲ್ಲಿ ಜೀವವಿಲ್ಲದ ಹಾಗೆ ಮಲಗಿದ ಒಂದು ಕೂಸು ಕಂಡಿತಂತೆ. ಫ್ರಾನ್ಸಿಸ್ ಹತ್ತಿರ ಹೋದಾಗ ಅದು ಎದ್ದಂತೆ ಕಂಡಿತಂತೆ. ಆಮೇಲೆ ಜನ ಆ ಹುಲ್ಲನ್ನು ಎತ್ತಿಟ್ಟುಕೊಂಡು ಕಾಯಿಲೆ ಬಿದ್ದ ದನಗಳಿಗೆ ತಿನ್ನಿಸಿದರಂತೆ.

ಅಜ್ಜಿಗೆ ತೋಮಾಸನ ಹೆಸರೂ ಗೊತ್ತಿರಲಿಲ್ಲ. ಆದರೆ 1223ರ ಆ ಮೊದಲ ಗೋದಲಿಯೂ ಅವಳ ಗೋದಲಿಯ ಹಾಗೇ ಖಾಲಿ ಇತ್ತು.

ಕ್ರಿಸ್‌ಮಸ್‌ಗೆ ಮೊದಲಿನ ನಾಲ್ಕು ಭಾನುವಾರಗಳಿಗೆ ಆಗಮನ ಕಾಲ ಅನ್ನುತ್ತೇವೆ. ಹಸಿರು ಎಲೆಯ ಚಕ್ರದಲ್ಲಿ ನಾಲ್ಕು ಮೇಣದಬತ್ತಿ ಇಟ್ಟು ವಾರಕ್ಕೊಂದು ಹಚ್ಚುತ್ತಾ ಹೋಗುತ್ತೇವಲ್ಲ, ಅದು ಅಷ್ಟೇನೂ ಹಳೆಯದಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಚೆರ್ನ್ ಅನ್ನುವ ಪಾದ್ರಿ ಬಡ ಹುಡುಗರ ಆಶ್ರಮ ನಡೆಸುತ್ತಿದ್ದರು. ಡಿಸೆಂಬರ್ ಬಂದರೆ ಹುಡುಗರು ದಿನಾ ಕೇಳುವುದು, ಇವತ್ತಾ ಕ್ರಿಸ್‌ಮಸ್, ನಾಳೆನಾ? ಅವರು ಒಂದು ಹಳೆ ಗಾಡಿ ಗಾಲಿ ತೊಗೊಂಡು ಅದರ ಮೇಲೆ ಬತ್ತಿ ನಿಲ್ಲಿಸಿದರು. ವಾರದ ದಿನಕ್ಕೆ ಚಿಕ್ಕದು, ಭಾನುವಾರಕ್ಕೆ ದೊಡ್ಡದು. ಹುಡುಗರು ಹಚ್ಚದ ಬತ್ತಿಗಳನ್ನು ಎಣಿಸುತ್ತಿದ್ದರು. ಇನ್ನೂ ಇಷ್ಟು ಇವೆ, ಇನ್ನೂ ಇಷ್ಟು ಇವೆ. ಮಕ್ಕಳಿಗೆ ಕಾಯುವುದನ್ನು ಕಲಿಸಲು ಇದಕ್ಕಿಂತ ಒಳ್ಳೆ ಪಾಠೋಪಕರಣ ನನ್ನ ಮೂವತ್ತು ವರ್ಷದಲ್ಲಿ ಕಂಡಿಲ್ಲ.

ಡಿಸೆಂಬರ್ 25ರ ತಾರೀಕಿನ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೈಬಲ್ಲಿನಲ್ಲಿ ತಾರೀಕು ಇಲ್ಲ. ರೋಮಿನಲ್ಲಿ 336ರ ಹೊತ್ತಿಗೆ ಆ ದಿನ ಆಚರಿಸುತ್ತಿದ್ದರು ಅನ್ನುವ ದಾಖಲೆ ಇದೆ. ಕ್ರಿಸ್‌ಮಸ್ ಗಿಡ ಬಂದದ್ದು ಜರ್ಮನಿ ಕಡೆಯಿಂದ. ಸಾಂತಾ ತಾತನ ಮೂಲ ಮೈರಾ ಊರಿನ ಬಿಷಪ್ ನಿಕೋಲಾಸ್, ಈಗಿನ ಟರ್ಕಿಯವರು. ಮುಂದೆ ಹೋಗೋಣ.

ಬೂದಿ ಬುಧವಾರ. ಈಸ್ಟರ್‌ಗೆ 46 ದಿನ ಮುಂಚೆ ಬರುತ್ತದೆ, ಉಪವಾಸ ಶುರುವಾಗುವ ದಿನ. ನಡುವಿನ ಆರು ಭಾನುವಾರ ಲೆಕ್ಕಕ್ಕಿಲ್ಲ, ಹಾಗಾಗಿ ಉಪವಾಸ 40 ದಿನ. ಹೋದ ವರ್ಷ ಗರಿಗಳ ಭಾನುವಾರದಲ್ಲಿ (ಈಸ್ಟರ್ ಹಿಂದಿನ ಭಾನುವಾರ) ಹಿಡಿದು ಜೈಕಾರ ಹಾಕಿದ ಗರಿಗಳಿವೆಯಲ್ಲ, ಅವನ್ನು ಮನೆಯಲ್ಲಿ ಶಿಲುಬೆಯ ಹಿಂದೆ ಸಿಕ್ಕಿಸಿ ಇಟ್ಟಿರುತ್ತೇವೆ. ಒಣಗಿ ಗರಗರ ಆಗಿರುತ್ತವೆ. ಅವನ್ನೇ ಚರ್ಚಿಗೆ ತಂದು ಸುಟ್ಟು ಬೂದಿ ಮಾಡಿ ಹಣೆಗೆ ಹಚ್ಚುತ್ತಾರೆ. "ನೀನು ಮಣ್ಣು, ಮಣ್ಣಿಗೇ ಮರಳುವೆ" ಅನ್ನುವ ಮಾತು ಹೇಳುತ್ತಾರೆ. ಹೋದ ವರ್ಷದ ಜೈಕಾರ ಈ ವರ್ಷ ಹಣೆಯ ಬೂದಿ. ರಾಜಕಾರಣಿಗಳಿಗೆ ಹಚ್ಚಿದರೆ ಒಳ್ಳೆಯದು ಅಂತ ನಮ್ಮ ಅಪ್ಪ ಅನ್ನುತ್ತಿದ್ದರು.

ಬೇರೆ ಊರಿನ ಕ್ರೈಸ್ತರಿಗೆ ಆ ದಿನ ಹಣೆಯಲ್ಲಿ ಬೂದಿ ಇಟ್ಟುಕೊಂಡು ಓಡಾಡಲು ಮುಜುಗರ ಆಗಬಹುದು. ನಮಗೆ ಆ ತೊಂದರೆ ಇಲ್ಲ. ಒಂದು ವರ್ಷ ಬೆಳಿಗ್ಗೆ ಪೂಜೆ ಮುಗಿಸಿ ಹಾಗೇ ಸಂಡೂರು ಬಸ್ ಹತ್ತಿದ್ದೆ. ಪಕ್ಕದಲ್ಲಿ ಕುಳಿತ ಹಿರಿಯರು ನನ್ನ ಹಣೆ ನೋಡಿ, "ಯಾವ ಮಠಕ್ಕ ಹೋಗಿದ್ರಿ?" ಅಂದರು. ಅವರ ಹಣೆಯಲ್ಲಿ ಮೂರು ಗೆರೆ ವಿಭೂತಿ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೂದಿ ಬೂದಿನೇ ಬಿಡ್ರಿ" ಅಂದು ಕಿಟಕಿ ಕಡೆ ತಿರುಗಿದರು. ಎರಡರ ಅರ್ಥವೂ ಒಂದೇ ಅಂತ ನಾನು ಹೇಳುವುದಿಲ್ಲ. ವಿಭೂತಿ ಧರಿಸುವವರ ನಂಬಿಕೆ ಅವರು ಹೇಳಬೇಕು. ಆದರೆ ಆ ದಿನ ಬಸ್ಸಿನಲ್ಲಿ ನಾನು ಒಂಟಿ ಅನ್ನಿಸಲಿಲ್ಲ.

ಒಂದು ಮಾತು ಹೇಳಿಬಿಡಬೇಕು. ಇದೆಲ್ಲ ಎಲ್ಲ ಕ್ರೈಸ್ತರೂ ಒಂದೇ ತರ ಮಾಡುವುದಲ್ಲ. ನಾನು ಹೇಳುತ್ತಿರುವುದು ಹೆಚ್ಚಾಗಿ ಕ್ಯಾಥೋಲಿಕರ ಮನೆಯ ಪದ್ಧತಿ. ಸಿಎಸ್‌ಐ ಅಂದರೆ ದಕ್ಷಿಣ ಭಾರತ ಸಭೆಯವರು, ರಾಯಚೂರಿನ ಕಡೆಯ ಮೆಥೋಡಿಸ್ಟರು, ಅವರವರ ರೀತಿ ಬೇರೆ. ಕ್ರಿಸ್‌ಮಸ್ ಆಚರಿಸದ ಪಂಗಡಗಳೂ ಇವೆ. ಮುದಗಲ್ಲಿನ ಕ್ರೈಸ್ತರದಂತೂ ಆದಿಲ್‌ಶಾಹಿ ಕಾಲದ ಹಳೆಯ ಸಮುದಾಯ. ಅದೇ ಊರಿನ ಮೊಹರಂಗೆ ಎಲ್ಲ ಜಾತಿಯವರೂ ಹೋಗುತ್ತಾರೆ ಅಂತ ನಿಮಗೆ ಗೊತ್ತು.

ಈಗ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವ ಆಚರಣೆಗೆ ಬರ್ತೀನಿ. ಈಸ್ಟರ್ ಹಿಂದಿನ ಗುರುವಾರ, ಪಾದ ತೊಳೆಯುವುದು.

ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು ಕೊಡುತ್ತೇವೆ. ತಂಬಿಗೆ ಕೈಗೆ ಕೊಡುತ್ತೇವೆ, ಅವರೇ ತೊಳೆದುಕೊಳ್ಳುತ್ತಾರೆ. ನಾವೇ ಬಗ್ಗಿ ತೊಳೆಯುವುದಾದರೆ ಅದು ಗುರುಗಳಿಗೆ, ಜಂಗಮರಿಗೆ, ಮದುವೆಯಲ್ಲಿ ಅಳಿಯನಿಗೆ. ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಯೋಹಾನನ ಸುವಾರ್ತೆಯಲ್ಲಿ ಅದು ತಿರುಗಿಬೀಳುತ್ತದೆ. ಊಟದ ನಡುವೆ ಗುರುವೇ ಎದ್ದು, ಮೇಲಂಗಿ ತೆಗೆದಿಟ್ಟು, ಟವೆಲ್ ಸೊಂಟಕ್ಕೆ ಕಟ್ಟಿ, ಶಿಷ್ಯರ ಕಾಲ ಬುಡದಲ್ಲಿ ಕೂರುತ್ತಾನೆ. ಪೇತ್ರ ಅನ್ನುವ ಶಿಷ್ಯ ಬೇಡವೇ ಬೇಡ ಅಂತಾನೆ. ಯಾರಾದರೂ ಅನ್ನುವುದು ಅದೇ. ತೊಳೆಯುವುದಕ್ಕಿಂತ ತೊಳೆಸಿಕೊಳ್ಳುವುದು ಕಷ್ಟ.

ಒಂದು ವರ್ಷ ನಮ್ಮ ಚರ್ಚಿನಲ್ಲಿ ಹನ್ನೆರಡು ಶಿಷ್ಯರ ಜಾಗದಲ್ಲಿ ಕೂರಿಸುವ ಹನ್ನೆರಡು ಜನರಲ್ಲಿ ನನ್ನನ್ನೂ ಕೂರಿಸಿದರು. ಹಿಂದಿನ ದಿನವೇ ಮನೆಯಲ್ಲಿ ಕಲ್ಲು ಹಾಕಿ ಹಿಮ್ಮಡಿ ತಿಕ್ಕಿಕೊಂಡು ಹೋಗಿದ್ದೆ. ಉಗುರು ತೆಗೆದಿದ್ದೆ. ತೊಳೆಯುವ ಪಾದವನ್ನು ತೊಳೆದುಕೊಂಡು ಹೋಗಿದ್ದೆ! ನನ್ನ ಪಕ್ಕದಲ್ಲಿ ಗಣಿ ಲಾರಿ ಓಡಿಸುವ ಒಬ್ಬರು ಕೂತಿದ್ದರು. ಡ್ಯೂಟಿ ಮುಗಿಸಿ ಸೀದಾ ಬಂದಿದ್ದರು. ಅವರ ಕಾಲಿನ ಬಿರುಕುಗಳಲ್ಲಿ ಅದಿರಿನ ಕೆಂಪು ಧೂಳು ಕೂತಿತ್ತು. ಫಾದರ್ ನೀರು ಹಾಕಿದರು. ಹಿತ್ತಾಳೆ ಪಾತ್ರೆಯ ನೀರು ಕೆಂಪಾಯಿತು. ಫಾದರ್ ಅವಸರ ಮಾಡಲಿಲ್ಲ, ಬೆರಳ ಸಂದಿಯನ್ನೂ ಒರೆಸಿದರು. ನನ್ನ ಸರದಿ ಬಂದಾಗ ತೊಳೆಯಲು ಏನೂ ಇರಲಿಲ್ಲ. ನನ್ನ ಪಾದದಷ್ಟು ವ್ಯರ್ಥವಾದ ಪಾದ ಆ ಸಾಲಿನಲ್ಲಿ ಇನ್ನೊಂದಿರಲಿಲ್ಲ.

2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಒಂದು ಬಾಲಾಪರಾಧಿಗಳ ಜೈಲಿಗೆ ಹೋಗಿ ಅಲ್ಲಿದ್ದ ಹನ್ನೆರಡು ಜನರ ಪಾದ ತೊಳೆದರು. ಅದರಲ್ಲಿ ಇಬ್ಬರು ಹುಡುಗಿಯರು, ಒಬ್ಬಳು ಮುಸ್ಲಿಂ. ಅಲ್ಲಿವರೆಗೆ ನಿಯಮದಲ್ಲಿ ಗಂಡಸರ ಪಾದ ಮಾತ್ರ ಇತ್ತು. 2016ರಲ್ಲಿ ನಿಯಮವನ್ನೇ ಬದಲಿಸಿದರು. ಇನ್ನೊಂದು ಗಮನಿಸಿ. ಆ ಮೊದಲ ರಾತ್ರಿ ಯೇಸು ತೊಳೆದ ಪಾದಗಳಲ್ಲಿ ಯೂದನದೂ ಇತ್ತು. ಯೇಸುವನ್ನು ಶತ್ರುಗಳಿಗೆ ಹಿಡಿದುಕೊಟ್ಟ ಶಿಷ್ಯ ಅವನು. ಹಿಡಿದುಕೊಡಲು ಎದ್ದು ಹೋಗಿದ್ದು ತೊಳೆದಾದ ಮೇಲೆ.

ಪೂಜೆ ಮುಗಿದ ಮೇಲೆ ಆ ರಾತ್ರಿ ನೀವು ಚರ್ಚಿಗೆ ಬಂದು ನೋಡಬೇಕು. ಪೀಠದ ಮೇಲಿನ ಬಟ್ಟೆ ತೆಗೆಯುತ್ತಾರೆ. ಹೂವಿಲ್ಲ, ದೀಪವಿಲ್ಲ. ಪ್ರಸಾದ ಇಡುವ ಪುಟ್ಟ ಪೆಟ್ಟಿಗೆಯ ಬಾಗಿಲು ತೆರೆದೇ ಇರುತ್ತದೆ, ಒಳಗೆ ಖಾಲಿ. ಗಂಟೆ ಹೊಡೆಯುವುದಿಲ್ಲ. ಗಂಟೆಯ ಬದಲು ಮರದ ಹಲಗೆ ಬಡಿಯುತ್ತಾರೆ, ಟಕ್ ಟಕ್ ಅಂತ ಒಣ ಸದ್ದು. ಮಾರನೆ ದಿನ ಶುಭ ಶುಕ್ರವಾರ, ಯೇಸು ಶಿಲುಬೆಯ ಮೇಲೆ ಸತ್ತ ದಿನ, ಬಲಿಪೂಜೆಯೇ ಇಲ್ಲ. ವರ್ಷವಿಡೀ ನಡೆಯುವುದು ಆ ದಿನ ನಡೆಯುವುದಿಲ್ಲ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಶಿಲುಬೆ ಹೊತ್ತು ಹದಿನಾಲ್ಕು ಕಡೆ ನಿಂತು ಪ್ರಾರ್ಥನೆ ಮಾಡುತ್ತಾ ನಡೆಯುತ್ತೇವೆ. ಅಂಗಾಲು ಸುಡುತ್ತದೆ. ದಾರಿಯಲ್ಲಿ ಯಾರೋ ಅಂಗಡಿಯವರು ಮಡಕೆಯಲ್ಲಿ ನೀರು ಇಟ್ಟಿರುತ್ತಾರೆ. ಅವರು ಯಾವ ಧರ್ಮದವರು ಅಂತ ನೀರು ಕುಡಿಯುವವರು ಕೇಳಿದ್ದು ನಾನು ನೋಡಿಲ್ಲ.

ಕ್ರಿಸ್‌ಮಸ್‌ಗೆ ತಾರೀಕು ಇದೆ, ಈಸ್ಟರ್‌ಗೆ ಯಾಕಿಲ್ಲ ಅಂತ ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಈಸ್ಟರ್ ಹುಣ್ಣಿಮೆ ನೋಡಿ ಬರುವ ಹಬ್ಬ. ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಅದಕ್ಕೇ ಮಾರ್ಚ್ 22ರಿಂದ ಏಪ್ರಿಲ್ 25ರ ಒಳಗೆ ಯಾವಾಗ ಬೇಕಾದರೂ ಬೀಳಬಹುದು. ನಮ್ಮ ಪಂಚಾಂಗ ಇಟ್ಟುಕೊಂಡು ನೋಡಿ. 2023ರಲ್ಲಿ ಏಪ್ರಿಲ್ 6ಕ್ಕೆ ದವನದ ಹುಣ್ಣಿಮೆ, 9ಕ್ಕೆ ಈಸ್ಟರ್. 2024ರಲ್ಲಿ ಮಾರ್ಚ್ 25ಕ್ಕೆ ಹೋಳಿ ಹುಣ್ಣಿಮೆ, 31ಕ್ಕೆ ಈಸ್ಟರ್. ಪಕ್ಕದ ಮನೆಯಲ್ಲಿ ಕಾಮಣ್ಣನ ಬೂದಿ ಆರುವ ಹೊತ್ತಿಗೆ ನಮ್ಮ ಮನೆಯ ಉಪವಾಸ ಮುಗಿಯುತ್ತದೆ.

ಶನಿವಾರ ರಾತ್ರಿ ಚರ್ಚಿನ ದೀಪಗಳನ್ನೆಲ್ಲ ಆರಿಸುತ್ತಾರೆ. ಹೊರಗೆ ಅಂಗಳದಲ್ಲಿ ಹೊಸ ಬೆಂಕಿ. ಆಳೆತ್ತರದ ಮೇಣದಬತ್ತಿಯ ಮೇಲೆ ಶಿಲುಬೆಯ ಗುರುತು, ಗ್ರೀಕಿನ ಮೊದಲ ಅಕ್ಷರ, ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿ. ಯೇಸುವಿನ ಐದು ಗಾಯಗಳಿಗೆ ಐದು ಧೂಪದ ಕಾಳು ಚುಚ್ಚುತ್ತಾರೆ. ಆ ಒಂದು ಬತ್ತಿ ಕತ್ತಲೆಯ ಚರ್ಚಿನ ಒಳಗೆ ಹೋಗುತ್ತದೆ. ಅದರಿಂದ ಒಬ್ಬರು ಹಚ್ಚಿಕೊಂಡು ಪಕ್ಕದವರಿಗೆ ಕೊಡುತ್ತಾರೆ. ವರ್ಷ ಪೂರ್ತಿ ಮಾತು ಬಿಟ್ಟವರು ಅಕ್ಕಪಕ್ಕ ನಿಂತಿದ್ದರೆ ದೊಡ್ಡ ಪೇಚು. ಬತ್ತಿ ಬಗ್ಗಿಸಲೇಬೇಕು, ಮುಖ ಕಾಣಲೇಬೇಕು. ಆ ಬೆಳಕಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಹಾಗೆ ನಿಂತದ್ದನ್ನು ನಾನು ಕಂಡಿದ್ದೇನೆ. ರಾಜಿ ಆಯಿತಾ ಅಂತ ಕೇಳಬೇಡಿ. ಆಗಲಿಲ್ಲ. ಬತ್ತಿ ಮಾತ್ರ ಹಚ್ಚಿಕೊಂಡರು.

ಈಸ್ಟರ್ ಬೆಳಗಿನ ಕಥೆಯಲ್ಲಿ ಕಾಣುವುದಾದರೂ ಏನು? ಹೆಂಗಸರು ಸುಗಂಧ ದ್ರವ್ಯ ಹಿಡಿದು ಸಮಾಧಿಗೆ ಹೋಗುತ್ತಾರೆ. ಕಲ್ಲು ಉರುಳಿದೆ, ಒಳಗೆ ಹೆಣ ಇಲ್ಲ. ಮಾರ್ಕನ ಸುವಾರ್ತೆಯ ಅತಿ ಹಳೆಯ ಕೈಬರಹಗಳು ಅಲ್ಲಿಗೇ ನಿಲ್ಲುತ್ತವೆ. ಹೆಂಗಸರು ನಡುಗುತ್ತಾ ಓಡಿಹೋದರು, ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ, ಮುಗಿಯಿತು. ಮುಂದಿನ ಸಾಲುಗಳನ್ನು ಆಮೇಲೆ ಸೇರಿಸಿದ್ದು ಅಂತ ಬಹಳ ಪಂಡಿತರ ಅಭಿಪ್ರಾಯ. ಖಾಲಿ ಗೋದಲಿಯನ್ನು ಹತ್ತು ದಿನ ನೋಡಿದವರಿಗೆ ಖಾಲಿ ಸಮಾಧಿ ಅಷ್ಟು ಹೊಸದಲ್ಲ ಅನ್ನಿಸುತ್ತದೆ ನನಗೆ. ಅಲ್ಲೂ ಕೇಳುವುದು ಅದೇ ಪ್ರಶ್ನೆ, ಎಲ್ಲಿ?

ನನ್ನ ಮಾತು ಇಷ್ಟೇ.

(ಸಭೆ ಮುಗಿದ ಮೇಲೆ ಕಿರಾಣಿ ಅಂಗಡಿಯ ಯಜಮಾನರು ಹತ್ತಿರ ಬಂದು ಕೇಳಿದರು, "ಅಜ್ಜಿ ಗೊಂಬೆ ಇನ್ನ ಐತೇನ್ರಿ?" ಇದೆ ಅಂದೆ. ಬಲಗೈಯ ಎರಡು ಬೆರಳು ಮುರಿದಿವೆ. ಡಬ್ಬಿ ಮಾತ್ರ ಬದಲಾಗಿದೆ, ಹಳೆಯದು ತುಕ್ಕು ಹಿಡಿದಿತ್ತು. ಈಗ ತೋರಿಸ್ತೀರಾ ಅಂದರು. 24ರ ರಾತ್ರಿವರೆಗೆ ತೆಗೆಯುವ ಹಾಗಿಲ್ಲ ಅಂದೆ.)